ಆಡು, ಕುರಿ, ಹೋತ, ಟಗರು: ಹಳೇ ಪದಗಳ ಜಾಡು ಹಿಡಿಯೋದು ಹೇಗೆ

ಸುಮೇರಿಯನ್ ಭಾಷೇಲಿ ಕುರಿಗೆ "ಉದು" ಅಂತಿದ್ರು. ಇವತ್ತಿನ ಇರಾಕಿನ ದಕ್ಷಿಣ ಭಾಗದಲ್ಲಿ, ಹೆಚ್ಚುಕಮ್ಮಿ 5000 ವರ್ಷದ ಹಿಂದೆ. ಇದು ಗೊತ್ತಾದ ದಿನ ನಂಗೆ ನಿದ್ದೆನೇ ಬರ್ಲಿಲ್ಲ, ಯಾಕಂದ್ರೆ ಉದು, ಆಡು ಎರಡನ್ನೂ ಪಕ್ಕಪಕ್ಕ ಇಟ್ರೆ ಅಣ್ತಮ್ಮಂದಿರ ಥರ ಕಾಣ್ತವೆ, ಬೆಳಗ್ಗೆ ಎದ್ದವನೇ ಫ್ಯಾಮಿಲಿ ಗ್ರೂಪಲ್ಲಿ "ಸುಮೇರಿಯನ್ನರು ಮಾತಾಡ್ತಿದ್ದಿದ್ದು ಹಳಗನ್ನಡಾನೇ" ಅಂತ ಹಾಕ್ಬಿಟ್ಟೆ. ಎಲ್ರೂ ಕೈಮುಗಿಯೋ ಚಿತ್ರ ಕಳಿಸಿದ್ರು. ನಮ್ಮ ಸೋದರಮಾವ ಒಬ್ರು ಮಾತ್ರ "ಅಲ್ಲಪ್ಪಾ, ಉದು ಅಂದ್ರೆ ಕುರಿ ಅಂತೀಯ, ಆಡು ಅಂದ್ರೆ ಮೇಕೆ, ಸಂತೇಲಿ ಹಿಂಗ್ ಕೊಂಡ್ಕೊಂಡ್ ಬಂದ್ರೆ ಮನೆಗ್ ಸೇರಿಸ್ತಾರಾ?" ಅಂದ್ರು.

ಅವತ್ತಿಂದ ನಾನು ಒಂದು ಪದದ ಮೂಲ ಹುಡುಕೋಕೆ ಒಂದು ಕ್ರಮ ಇಟ್ಕೊಂಡಿದೀನಿ, ಅದನ್ನೇ ಇಲ್ಲಿ ಹೇಳ್ತಿರೋದು. ಉದಾಹರಣೆಗೆ ಆಡು ಕುರೀನೇ ಸಾಕು. ಮನುಷ್ಯ ಹತ್ತು ಸಾವಿರ ವರ್ಷದಿಂದ ಸಾಕ್ತಿರೋ ಪ್ರಾಣಿಗಳು ಇವು, ಇರಾಕ್ ಕಡೆ ಬರವಣಿಗೆ ಹುಟ್ಟಿದಾಗ ಮೊದಮೊದಲು ಬರೆದಿದ್ರಲ್ಲಿ ಇವುಗಳ ಲೆಕ್ಕಾನೂ ಇತ್ತು, ಹಂಗಾಗಿ ಈ ಕಡೆಯ ಬಹಳಷ್ಟು ಹಳೇ ಭಾಷೆಗಳಲ್ಲಿ ಪದ ಸಿಗುತ್ತೆ. ಬೇಕಾಗಿರೋದು ಒಂದು ಫೋನು, ಒಂದು ನೋಟ್‌ಬುಕ್ಕು, ಮತ್ತೆ ಸಿಕ್ಕಿದ್ದನ್ನ ತಕ್ಷಣ ಗ್ರೂಪಿಗೆ ಹಾಕದೇ ಇರೋ ತಾಳ್ಮೆ.

ಹೆಜ್ಜೆ 1: ಮೊದಲು ಪ್ರಾಣಿ ಯಾವ್ದು ಅಂತ ಗಟ್ಟಿ ಮಾಡ್ಕೊಳಿ

ಶಿರಾ ಕಡೆ ಒಂದ್ಸಲ ರಸ್ತೆ ಪಕ್ಕ ಮಂದೆ ನಿಂತಿತ್ತು, ನಾನು ಗಾಡಿ ನಿಲ್ಸಿ ಕುರಿ ಕಾಯೋ ಯಜಮಾನ್ರನ್ನ "ಅಣ್ಣಾ, ಆ ಗಡ್ಡದ ಕುರಿ ಎಷ್ಟು ವರ್ಷದ್ದು" ಅಂತ ಕೇಳ್ದೆ. ಅವ್ರು ನನ್ನ ಮೇಲಿಂದ ಕೆಳಗೆ ನೋಡಿ, "ಸ್ವಾಮಿ, ಅದು ಕುರಿ ಅಲ್ಲ, ಹೋತ. ಬಾಲ ನೋಡಿ, ಮೇಲಕ್ಕೈತೆ. ಕುರಿ ಬಾಲ ಕೆಳೀಕ್ ಇರ್ತೈತೆ" ಅಂದ್ರು. ಎರಡೇ ಮಾತಲ್ಲಿ ಮುಗೀತು. ನಮ್ಮ ಪೇಟೆ ಜನಕ್ಕೆ ಎಲ್ಲಾ ಮಟನ್ನೇ. ಆ ಮಟನ್ ಅನ್ನೋ ಪದಾನೂ ಫ್ರೆಂಚರ ಮೂತೋಂ, ಅಂದ್ರೆ ಕುರಿ, ಅದ್ರಿಂದ ಬಂದಿರೋದು, ನಮ್ಮಲ್ಲಿ ಅಂಗಡಿಯವನು ಮೇಕೆ ಕಡಿದು ಕೊಟ್ರೂ ಅದು ಮಟನ್ನೇ.

ಭಾಷೆಗಳೂ ಹಿಂಗೇ. ಕೆಲವು ಎರಡನ್ನೂ ಒಂದೇ ಹೆಸರಲ್ಲಿ ಕರೀತವೆ. ತಮಿಳಲ್ಲಿ ಆಡು ಅಂದ್ರೆ ಎರಡೂ ಆಗುತ್ತೆ, ಬಿಡಿಸಿ ಹೇಳ್ಬೇಕು ಅಂದ್ರೆ ಮೇಕೆಗೆ ವೆಳ್ಳಾಡು, ಕುರಿಗೆ ಸೆಮ್ಮಱಿಯಾಡು. ಚೀನೀ ಭಾಷೇಲಿ ಯಾಂಗ್ ಅನ್ನೋ ಒಂದೇ ಪದ, ಬೆಟ್ಟದ ಯಾಂಗ್ ಅಂದ್ರೆ ಮೇಕೆ, ಮೆತ್ತನೆ ಯಾಂಗ್ ಅಂದ್ರೆ ಕುರಿ, ಅದಕ್ಕೇ ಅವ್ರ ಪಂಚಾಂಗದ ಆ ವರ್ಷ ಬಂದಾಗಲೆಲ್ಲ ಇಂಗ್ಲಿಷ್ ಪೇಪರ್‌ನೋರು ಇದು ಮೇಕೆ ವರ್ಷವೋ ಕುರಿ ವರ್ಷವೋ ಅಂತ ಒದ್ದಾಡೋದು. ಹೀಬ್ರೂಲಿ "ತ್ಸೋನ್" ಅಂದ್ರೆ ಎರಡೂ ಸೇರಿದ ಮಂದೆ.

ಸುಮೇರಿಯನ್ನರದ್ದು ಇದಕ್ಕೆ ಉಲ್ಟಾ, ಅವ್ರು ಪಕ್ಕಾ ಲೆಕ್ಕದ ಜನ. ಉದು ಅಂದ್ರೆ ಕುರಿ, ಹೆಣ್ಣು ಕುರಿಗೆ ಬೇರೆ ಪದ, ಕುರಿಮರಿಗೆ ಸಿಲ, ಹೆಣ್ಣು ಮೇಕೆಗೆ ಉಜ್, ಇನ್ನು ಮಾಶ್ ಅಂದ್ರೂ ಮೇಕೇನೇ. ಉದು ಬರೆಯೋ ಚಿಹ್ನೆ ನೋಡಿ ನಂಗೆ ಆಶ್ಚರ್ಯ ಆಗಿತ್ತು: ಒಂದು ಸುತ್ತು, ಒಳಗೆ ಪ್ಲಸ್ ಗುರುತು, ಅಷ್ಟೇ. ಕೊಂಬಿಲ್ಲ, ಮುಖ ಇಲ್ಲ. ಉರುಕ್ ಪಟ್ಟಣದಲ್ಲಿ ಸಿಕ್ಕಿರೋ ಅತೀ ಹಳೇ ಜೇಡಿಮಣ್ಣಿನ ಹಲಗೆಗಳಲ್ಲೇ ಇದಿದೆ, ಕ್ರಿ.ಪೂ. 3000ಕ್ಕೂ ಹಿಂದಿನವು.

ಸೋ ನೋಟ್‌ಬುಕ್ಕಲ್ಲಿ ಮೊದಲ ಸಾಲು: ಪದ, ಭಾಷೆ, ಯಾವ ಪ್ರಾಣಿ, ಗಂಡೋ ಹೆಣ್ಣೋ ಮರಿಯೋ. ನನ್ನ ಉದು-ಆಡು ಜೋಡಿ ಇಲ್ಲೇ ಅರ್ಧ ಕುಂಟಿತು, ಅದು ಕುರಿ, ಇದು ಮೇಕೆ. ಆದ್ರೆ ತಮಿಳಲ್ಲಿ ಆಡು ಕುರೀನೂ ಆಗುತ್ತಲ್ಲ, ಹಂಗಾಗಿ ಇನ್ನೂ ಹೊಡೆದು ಹಾಕೋ ಹಂಗಿಲ್ಲ. ಮುಂದೆ ನೋಡೋಣ.

ಹೆಜ್ಜೆ 2: ಇವತ್ತಿನ ರೂಪ ನಂಬ್ಬೇಡಿ, ಹಳೇ ರೂಪ ತೆಗೀರಿ

ಐದು ಸಾವಿರ ವರ್ಷದ ಹಿಂದಿನ ಪದಾನ ಇವತ್ತು ಬೆಳಗ್ಗೆ ಬಾಯಲ್ಲಿ ಬಂದ ಪದದ ಜೊತೆ ಹೋಲಿಸೋದು ಮುತ್ತಾತನ ಫೋಟೋ ಇಟ್ಕೊಂಡು ಎದುರುಮನೆ ಮಗೂನ ನೋಡಿದಂಗೆ. ಕನ್ನಡದ್ದು ಎಷ್ಟು ಹಿಂದಕ್ಕೆ ಹೋಗುತ್ತೋ ಅಷ್ಟು ಹೋಗಿ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ನೆಟ್ಟಲ್ಲಿ ಫ್ರೀಯಾಗಿ ಸಿಗುತ್ತೆ, ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಲೈಬ್ರರಿಗಳಲ್ಲಿರುತ್ತೆ, ಎರಡರಲ್ಲೂ ಹಳಗನ್ನಡ ರೂಪ ಸಿಗುತ್ತೆ.

ಅಲ್ಲಿ ನೋಡಿದ್ರೆ ಕುರಿ ಅನ್ನೋದು "ಕುಱಿ". ಈ ಱ ಅಕ್ಷರ ನಾವು ಬಿಟ್ಟು ತುಂಬಾ ಕಾಲ ಆಯ್ತು, ವ್ಯಾಕರಣದೋರು ಇದನ್ನ ಶಕಟರೇಫ ಅಂತಾರೆ, ಶಕಟ ಅಂದ್ರೆ ಗಾಡಿ. ತೆಲುಗಿನೋರು ಇದನ್ನೇ "ಬಂಡಿ ರ" ಅಂತಾರೆ, ಅದೂ ಗಾಡೀನೇ! ಈ ಸಣ್ಣ ಅಕ್ಷರ ಮುಖ್ಯ, ಯಾಕಂದ್ರೆ ತೆಲುಗಲ್ಲಿ ಕುರಿಗೆ "ಗೊಱ್ಱೆ", ಅಲ್ಲೂ ಬಂಡಿ ರ, ತಮಿಳಿನ ಹಳೇ ಪದ "ಕೊಱಿ", ಅಲ್ಲೂ ಅದೇ ಱ. ಮೂರೂ ಕಡೆ ಒಂದೇ ಜಾಗದಲ್ಲಿ ಒಂದೇ ಅಕ್ಷರ. ಇವತ್ತಿನ ಸಾದಾ ರ ನೋಡ್ಕೊಂಡು ಕೂತಿದ್ರೆ ಈ ಸಾಕ್ಷಿ ಕೈಗೇ ಸಿಕ್ತಿರ್ಲಿಲ್ಲ.

ಟಗರು ಹಳಗನ್ನಡದಲ್ಲಿ "ತಗರ್", ತಮಿಳಲ್ಲೂ ತಗರ್ ಅಂತಾನೇ, ತೆಲುಗಲ್ಲಿ ತಗರು.

ಹೋತದ ಕಥೆ ಇನ್ನೂ ಚೆನ್ನಾಗಿದೆ. ಕನ್ನಡದಲ್ಲಿ ಪದದ ಮೊದಲಲ್ಲಿದ್ದ ಹಳೇ ಪ ಹ ಆಯ್ತಲ್ಲ, ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಹಂಗೇ ಹೋತದ ಹ ತೆಗೆದು ಪ ಹಾಕಿ: ಪೋತ. ಈಗ ತೆಲುಗು ನೆನಪಿಸ್ಕೊಳಿ, ಅಲ್ಲಿ ಮೇಕಪೋತು ಅಂದ್ರೆ ಗಂಡು ಮೇಕೆ, ದುನ್ನಪೋತು ಅಂದ್ರೆ ಕೋಣ. ಪೋತು ಅಂದ್ರೆ ಬರೀ "ಗಂಡು" ಅಂತ! ತಮಿಳಲ್ಲೂ ಪೋತ್ತು ಅಂದ್ರೆ ಪ್ರಾಣಿಗಳಲ್ಲಿ ಗಂಡು. ನಾವು ಕನ್ನಡದೋರು ಆ ಪದಾನ ಮೇಕೆಗಷ್ಟೇ ಮೀಸಲಿಟ್ವಿ.

ಮೇಕೆ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಬೇಡಿ, ಅದು "ಮೇ" ಅಂತ ಕೂಗುತ್ತೆ, ಮೇಕೆ ಆಯ್ತು. ಇಂಥ ಕೂಗಿನ ಪದಗಳನ್ನ ಹೋಲಿಕೆಗೆ ತಗೋಬಾರ್ದು, ಮೇಕೆ ಎಲ್ಲಾ ದೇಶದಲ್ಲೂ ಹಂಗೇ ಕೂಗೋದು.

ಹೆಜ್ಜೆ 3: ಪಕ್ಕದ್ಮನೆ ಭಾಷೆಗಳನ್ನ ಕೇಳಿ, ಒಂದು ಪದ ಅಲ್ಲ, ಒಂದು ಸಾಲು ಪದ

ಇದೇ ಈ ಕೆಲಸದ ಜೀವಾಳ, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಬರೋ ಮತ್ತು ಎಮೆನೋ ಅಂತ ಇಬ್ರು ಮಾಡಿದ ದ್ರಾವಿಡ ಪದಮೂಲ ನಿಘಂಟು ಇದೆ, 1961ರಲ್ಲಿ ಮೊದಲು ಬಂತು, 1984ರಲ್ಲಿ ತಿದ್ದಿ ಹೊಸದಾಗಿ ಬಂತು, ಈಗ ಶಿಕಾಗೋ ಯೂನಿವರ್ಸಿಟಿ ಸೈಟಲ್ಲಿ ಯಾರು ಬೇಕಾದ್ರೂ ಹುಡುಕಬಹುದು. ಆಡು ಅಂತ ಹುಡುಕಿದ್ರೆ ಏನ್ ಬರುತ್ತೆ ಅಂದ್ರೆ, ಕನ್ನಡ ಆಡು, ಮಲಯಾಳಂ ಆಡು, ತಮಿಳಲ್ಲಿ ಆಡು ಜೊತೆಗೆ ಹಳೇ ರೂಪ "ಯಾಡು", ತುಳುವಲ್ಲಿ ಏಡ್, ತೆಲುಗಲ್ಲಿ ಟಗರಿಗೆ ಏಟ, ಮತ್ತೆ ದೂರದ ಬಲೂಚಿಸ್ತಾನದಲ್ಲಿರೋ ಬ್ರಾಹುಇ ಭಾಷೇಲಿ ಹೆಣ್ಣು ಮೇಕೆಗೆ ಹೇಟ್. ಪಾಕಿಸ್ತಾನದ ಗುಡ್ಡದಲ್ಲಿ ಒಬ್ಬ ಹೇಟ್ ಅಂತಾನೆ, ಉಡುಪಿ ಹತ್ರ ಒಬ್ರು ಏಡ್ ಅಂತಾರೆ.

ಈಗ ನೀವು ಕೇಳ್ಬೇಕು, ಆ ಎಲ್ಲಿ ಏ ಎಲ್ಲಿ, ಇದು ಹೆಂಗ್ ಒಂದೇ ಪದ ಆಗುತ್ತೆ ಅಂತ. ಅದಕ್ಕೇ ಒಂದು ಸಾಲು ಪದ ಬೇಕು ಅಂದಿದ್ದು. ಕನ್ನಡ ಆನೆ, ಹಳೇ ತಮಿಳು ಯಾನೈ, ತೆಲುಗು ಏನುಗು. ಹೊಳೆಗೆ ಹಳೇ ತಮಿಳು ಯಾಱು, ಈಗಿನ ತಮಿಳು ಆಱು, ತೆಲುಗು ಏರು. ನೋಡಿದ್ರಾ? ಹಳೇ "ಯಾ" ಕನ್ನಡದಲ್ಲಿ ಆ ಆಗಿದೆ, ತೆಲುಗಲ್ಲಿ ಏ ಆಗಿದೆ, ಒಂದ್ಸಲ ಅಲ್ಲ, ಮತ್ತೆ ಮತ್ತೆ. ಪದಗಳು ಒಂದೇ ಥರ ಕೇಳಿಸ್ಬೇಕು ಅಂತೇನಿಲ್ಲ, ವ್ಯತ್ಯಾಸ ಕ್ರಮವಾಗಿರ್ಬೇಕು. ಇದು ತಲೆಗೆ ಹೋಗೋಕೆ ನಂಗೆ ಒಂದು ವರ್ಷ ಹಿಡೀತು.

ಇದರಿಂದ ಇನ್ನೊಂದು ಲಾಭ ಇದೆ. "ಆಡು ಯಾವಾಗ್ಲೂ ಕುಣೀತಾ ಆಡ್ತಾ ಇರುತ್ತೆ, ಅದಕ್ಕೇ ಆಡು ಅಂತ ಹೆಸರು" ಅಂತ ನಮ್ಮ ಮೇಷ್ಟ್ರು ಒಬ್ರು ಹೇಳ್ಕೊಟ್ಟಿದ್ರು, ಕೇಳೋಕೆ ಎಷ್ಟು ಚೆಂದ ಅಲ್ವಾ. ಆದ್ರೆ ಆಟ ಆಡು, ಮಾತಾಡು ಅನ್ನೋ ಕ್ರಿಯಾಪದಕ್ಕೆ ತಮಿಳಲ್ಲಿ ಯಾ ರೂಪ ಇಲ್ಲ, ತೆಲುಗಲ್ಲೂ ಅದು ಆಡು ಅಂತಾನೇ ಇದೆ, ಏ ಆಗಿಲ್ಲ. ಅಂದ್ರೆ ಎರಡೂ ಬೇರೆ ಬೇರೆ ಪದಗಳು, ಕನ್ನಡದಲ್ಲಿ ಯ ಬಿದ್ದು ಹೋಗಿದ್ರಿಂದ ಒಂದೇ ಥರ ಆಗಿವೆ ಅಷ್ಟೇ.

ಹೆಜ್ಜೆ 4: ಬೇರೆ ಕುಟುಂಬಗಳಲ್ಲೂ ಇದೇ ಆಟ ಆಡಿ ಕೈ ಪಳಗಿಸ್ಕೊಳಿ

ಮೊದಲು ಸೆಮಿಟಿಕ್ ಭಾಷೆಗಳು, ಇವು ಸುಲಭ. ಮೇಕೆಗೆ ಅರಬ್ಬಿಯಲ್ಲಿ ಅನ್ಝ್, ಪ್ರಾಚೀನ ಬ್ಯಾಬಿಲೋನಿನ ಅಕ್ಕಾಡಿಯನ್ನಲ್ಲಿ ಎನ್ಝು, ಹೀಬ್ರೂಲಿ ಏಝ್. ಹೀಬ್ರೂಲಿ ನ್ ಎಲ್ಲೋಯ್ತು? ಬಹುವಚನ ನೋಡಿ, ಇಝ್ಝೀಮ್, ಝ ಒತ್ತಾಗಿದೆ, ನ್ ಅದರೊಳಗೆ ಕರಗಿದೆ. ಬೇರೆ ಪದದಲ್ಲೂ ಹಿಂಗೇ ಆಗಿದ್ಯಾ? ಆಗಿದೆ, ಮೂಗಿಗೆ ಅರಬ್ಬಿ ಅನ್ಫ್, ಹೀಬ್ರೂ ಆಫ್. ನೀನು ಅನ್ನೋದಕ್ಕೆ ಅರಬ್ಬಿ ಅಂತ, ಹೀಬ್ರೂ ಅತ್ತಾ. ಕ್ರಮ ಸಿಕ್ತು.

ಕೆಲವು ಸಲ ಅಕ್ಷರ ಜಾಗ ಬದಲಾಯಿಸ್ಕೊಂಡಿರ್ತವೆ. ಹೆಣ್ಣು ಕುರಿಗೆ ಅಕ್ಕಾಡಿಯನ್ನಲ್ಲಿ ಲಖ್ರು, ಹೀಬ್ರೂಲಿ ರಾಹೇಲ್. ಲ-ಖ-ರ, ರ-ಹ-ಲ, ಹಿಂದುಮುಂದು ಅಷ್ಟೇ. ಹೌದು, ಬೈಬಲ್ಲಿನ ರಾಹೇಲ್ ಅದೇ, ಇವತ್ತು ರೇಚಲ್ ಅಂತ ಹೆಸರಿಟ್ಕೊಂಡಿರೋ ಹುಡುಗೀರ ಹೆಸರಿನ ಅರ್ಥ ಹೆಣ್ಣು ಕುರಿ. ಆಫೀಸಲ್ಲಿ ಹೇಳೋಕೆ ಹೋಗ್ಬೇಡಿ, ನಾನು ಹೇಳಿ ಅನುಭವಿಸಿದೀನಿ. ಅಕ್ಕಾಡಿಯನ್ ಪದಗಳು ಬೇಕು ಅಂದ್ರೆ ಶಿಕಾಗೋದ ಅಸಿರಿಯನ್ ನಿಘಂಟು ಇದೆ, 1921ರಲ್ಲಿ ಕೆಲಸ ಶುರುವಾಗಿ 2011ರಲ್ಲಿ ಮುಗೀತು, ತೊಂಬತ್ತು ವರ್ಷ! ಎಲ್ಲಾ ಸಂಪುಟ ಪಿಡಿಎಫ್ ಫ್ರೀ, ಡೌನ್‌ಲೋಡ್ ಮಾಡೋ ಮುಂಚೆ ಫೋನಲ್ಲಿ ಜಾಗ ಇದ್ಯಾ ನೋಡ್ಕೊಳಿ.

ಇನ್ನು ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಕುಟುಂಬ. ಕುರಿಗೆ ಸಂಸ್ಕೃತದಲ್ಲಿ ಅವಿ, ಲ್ಯಾಟಿನ್ನಲ್ಲಿ ಓವಿಸ್, ಲಿಥುವೇನಿಯನ್ನಲ್ಲಿ ಅವಿಸ್, ಇಂಗ್ಲಿಷಲ್ಲಿ ಹೆಣ್ಣು ಕುರಿಗೆ ಇರೋ "ಯೂ" ಕೂಡ ಇದೇ. ಟರ್ಕಿ ಕಡೆ ಇದ್ದ ಸತ್ತುಹೋದ ಲುವಿಯನ್ ಭಾಷೇಲಿ ಮಾತ್ರ ಹಾವಿ, ಮುಂದೆ ಒಂದು ಹ ಜಾಸ್ತಿ. ಈ ಹ ಎಲ್ಲಿಂದ ಬಂತು? 1878ರಲ್ಲಿ ಸಸ್ಯೂರ್ ಅನ್ನೋ 21 ವರ್ಷದ ಹುಡುಗ, ಈ ಭಾಷೆಗಳ ಸ್ವರಗಳ ಲೆಕ್ಕ ಸರಿ ಹೋಗ್ಬೇಕು ಅಂದ್ರೆ ಮೂಲಭಾಷೇಲಿ ಈಗ ಎಲ್ಲೂ ಉಳೀದೇ ಇರೋ ಕೆಲವು ಧ್ವನಿಗಳು ಇದ್ದಿರ್ಲೇಬೇಕು ಅಂತ ಬರೆದ. ಆಗ ಬಹಳ ಜನ ನಂಬಲಿಲ್ಲ. 1915ರಲ್ಲಿ ಹಿಟ್ಟೈಟ್ ಭಾಷೆ ಬಿಡಿಸಿದ್ರು, ಅದು ಲುವಿಯನ್ನಿನ ಅಕ್ಕ, ಆಮೇಲೆ ನೋಡಿದ್ರೆ ಅವನು ಹೇಳಿದ್ ಜಾಗದಲ್ಲೇ ಹ ಥರದ ಧ್ವನಿ ಕೂತಿತ್ತು. ಅಷ್ಟೊತ್ತಿಗೆ ಅವನು ತೀರ್ಕೊಂಡಿದ್ದ. ನಾನು ಈ ಭಾಗ ಓದಿದಾಗ ನಿಜವಾಗ್ಲೂ ಮೈ ಜುಮ್ ಅಂದಿತ್ತು.

ಮೇಕೆಗೆ ಬನ್ನಿ. ಲ್ಯಾಟಿನ್ನಲ್ಲಿ ಮೇಕೆಮರಿಗೆ ಹೇಡುಸ್, ಇಂಗ್ಲಿಷಲ್ಲಿ ಗೋಟ್. ಕಿವಿಗೆ ಸಂಬಂಧಾನೇ ಇಲ್ಲ ಅನ್ಸುತ್ತೆ, ಆದ್ರೆ ಎರಡೂ ಒಂದೇ ಪದ. ಲ್ಯಾಟಿನ್ ಹ ಇದ್ದಲ್ಲಿ ಇಂಗ್ಲಿಷಲ್ಲಿ ಗ: ಹೋಸ್ಟಿಸ್, ಗೆಸ್ಟ್. ಲ್ಯಾಟಿನ್ ಡ ಇದ್ದಲ್ಲಿ ಇಂಗ್ಲಿಷಲ್ಲಿ ಟ: ಡುಓ, ಟೂ. ಹಂಗೇ ಹೇಡ್, ಗೋಟ್. ಒಂದೊಂದು ಅಕ್ಷರಕ್ಕೂ ಬೇರೆ ಪದಗಳು ಜಾಮೀನು ನಿಂತಿವೆ.

ಹೆಜ್ಜೆ 5: ಸಾಲ ತಂದಿದ್ದು ಬೇರೆ ಇಡಿ

ಉಣ್ಣೆ ಅಚ್ಚಗನ್ನಡ ಅನ್ಕೊಂಡಿದ್ರೆ, ಅಲ್ಲ. ಸಂಸ್ಕೃತದ ಊರ್ಣಾ ಪ್ರಾಕೃತದಲ್ಲಿ ಉಣ್ಣಾ ಆಗಿ ನಮ್ಮ ಕಂಬಳಿಗೆ ಬಂದು ಸೇರ್ಕೊಂಡಿದೆ. ಜೇಡಕ್ಕೆ ಊರ್ಣನಾಭ ಅಂತಾರಲ್ಲ, ಹೊಕ್ಕುಳಲ್ಲಿ ಉಣ್ಣೆ ಇರೋನು, ಅದೇ ಊರ್ಣ. ಆ ಊರ್ಣಾ, ಲ್ಯಾಟಿನ್ ಲಾನಾ, ಇಂಗ್ಲಿಷ್ ವುಲ್ ಮೂರೂ ದಾಯಾದಿಗಳು, ಹಂಗಾಗಿ ಸ್ವೆಟರ್ ಚೀಟೀಲಿರೋ ವುಲ್ಲೂ ನಮ್ಮ ಉಣ್ಣೇನೂ ದೂರದ ನೆಂಟರು, ಆದ್ರೆ ಇದ್ರಿಂದ ಕನ್ನಡಕ್ಕೂ ಇಂಗ್ಲಿಷಿಗೂ ರಕ್ತಸಂಬಂಧ ಅಂತ ಹೇಳೋಕಾಗಲ್ಲ. ಸಾಲ ತಂದ ಪಾತ್ರೆ ನಮ್ಮಜ್ಜಿದು ಅಂದಂಗಾಗುತ್ತೆ.

ಸಾಲ ಆ ಕಡೆಯಿಂದಷ್ಟೇ ಬರೋದಿಲ್ಲ. ಸಂಸ್ಕೃತದಲ್ಲಿ ಕುರಿಗೆ ಏಡ, ಏಡಕ ಅಂತಿದೆ, ಅದು ದ್ರಾವಿಡದಿಂದ ಹೋಗಿದ್ದು ಅಂತ ಹಲವು ವಿದ್ವಾಂಸರ ಅಭಿಪ್ರಾಯ, ತುಳುವಿನ ಏಡ್ ಪಕ್ಕ ಇಟ್ಟು ನೋಡಿ.

ನಂಗೆ ತುಂಬಾ ಇಷ್ಟವಾದ ಸಾಲ ಜ್ಯೋತಿಷ್ಯದಲ್ಲಿದೆ. ಮೇಷ ರಾಶಿಗೆ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ಇನ್ನೊಂದು ಹೆಸರು ಕೊಡ್ತಾನೆ: ಕ್ರಿಯ. ಇದಕ್ಕೂ ಕೆಲಸ ಅನ್ನೋ ಅರ್ಥದ ಕ್ರಿಯೆಗೂ ಸಂಬಂಧ ಇಲ್ಲ, ಇದು ಗ್ರೀಕಿನ ಕ್ರಿಯೋಸ್, ಅಂದ್ರೆ ಟಗರು. ಮಕರ ರಾಶಿಗೆ ಆಕೋಕೇರ, ಅದು ಗ್ರೀಕಿನ ಐಗೋಕೇರೋಸ್, ಮೇಕೆ ಕೊಂಬಿನೋನು. ನಾವು ಮಕರ ಅಂದ್ರೆ ಮೊಸಳೆ ಅನ್ಕೊಂಡಿದೀವಿ, ಬ್ಯಾಬಿಲೋನಿನೋರಿಗೆ ಅದು ಮುಂದೆ ಮೇಕೆ ಹಿಂದೆ ಮೀನು ಇರೋ ಪ್ರಾಣಿ, ಸುಹುರ್‌ಮಾಶು. ಅದ್ರಲ್ಲಿರೋ ಮಾಶ್ ಯಾವ್ದು? ಮೊದಲ್ನೇ ಹೆಜ್ಜೇಲಿ ಬರ್ಕೊಂಡ್ರಲ್ಲ, ಸುಮೇರಿಯನ್ ಮೇಕೆ!

ಒಂದು ಎಚ್ಚರಿಕೆ. ಎರಡು ಪದ ಒಂದಕ್ಕೊಂದು ಅಂಟ್ಕೊಂಡೂ ಬಿಡ್ತವೆ. ಬಕ್ರೀದ್ ಅಂದ್ರೆ ಬಕ್ರಾ ಹಬ್ಬ ಅಂತ ಎಲ್ರೂ ಹೇಳ್ತಾರೆ, ಕಣ್ಣೆದುರಿಗೆ ಮೇಕೆಗಳ ಸಂತೇನೂ ನಡೀತಿರುತ್ತೆ, ಆದ್ರೆ ಉರ್ದುವಲ್ಲಿ ಆ ಹೆಸರು ಬರೆಯೋದು ಅರಬ್ಬಿಯ ಬಕರಾ ಪದದ ಅಕ್ಷರಗಳಲ್ಲಿ, ಅದರ ಅರ್ಥ ಹಸು. ಹಿಂದಿಯ ಬಕ್ರಾ ಬೇರೇನೇ ಪದ.

ಹೆಜ್ಜೆ 6: ಕಥೆ ಚೆನ್ನಾಗಿದ್ದಷ್ಟೂ ಅನುಮಾನ ಪಡಿ

ಸಂಸ್ಕೃತದಲ್ಲಿ ಮೇಕೆಗೆ ಅಜ. ಅದನ್ನ ಅ-ಜ ಅಂತ ಒಡೆದ್ರೆ "ಹುಟ್ಟದೇ ಇರೋದು" ಅಂತಾಗುತ್ತೆ. ಈ ಒಂದು ಪದದ ಮೇಲೆ ಮಹಾಭಾರತದ ಶಾಂತಿಪರ್ವದಲ್ಲಿ ಒಂದು ಜಗಳಾನೇ ಇದೆ. ಯಜ್ಞಕ್ಕೆ ಅಜ ಬೇಕು ಅಂದಾಗ ದೇವತೆಗಳು ಅಜ ಅಂದ್ರೆ ಮೇಕೆ ಅಂತಾರೆ, ಋಷಿಗಳು ಅಲ್ಲ, ಬೀಜ ಅಂತಾರೆ, ಆಕಾಶದಲ್ಲಿ ಓಡಾಡ್ತಿದ್ದ ಉಪರಿಚರ ವಸು ರಾಜನ್ನ ಪಂಚಾಯ್ತಿಗೆ ಕರೀತಾರೆ, ಅವ್ನು ದೇವತೆಗಳ ಕಡೆ ವಾಲಿ ಮೇಕೆ ಅಂತಾನೆ, ಋಷಿಗಳ ಶಾಪಕ್ಕೆ ನೇರ ಭೂಮಿಯೊಳಗೆ ಬೀಳ್ತಾನೆ. ಜೈನರಲ್ಲೂ ಇದೇ ವಸುವಿನ ಕಥೆ ಇದೆ, ಅಲ್ಲಿ ಜಗಳ ಆಡೋರು ನಾರದ ಮತ್ತು ಪರ್ವತ, ಅಜ ಅಂದ್ರೆ ಮೊಳಕೆ ಬರದ ಹಳೇ ಧಾನ್ಯ ಅನ್ನೋದು ನಾರದನ ಪಕ್ಷ.

ಪ್ರಾಣಿಬಲಿ ಬೇಡ ಅನ್ನೋ ವಾದ ನಂಗೆ ಅರ್ಥ ಆಗುತ್ತೆ, ಆದ್ರೆ ಪದಮೂಲದ ಮಟ್ಟಿಗೆ ಋಷಿಗಳದ್ದು ನಿಲ್ಲಲ್ಲ. ಯಾಕೆ? ಸಂಸ್ಕೃತದ ಇಲ್ಲ ಅನ್ನೋ "ಅ" ಇದ್ಯಲ್ಲ, ಅದು ಹಲವು ಸೋದರ ಭಾಷೆಗಳಲ್ಲಿ ನ್ ಇಟ್ಕೊಂಡೇ ಬರುತ್ತೆ, ಲ್ಯಾಟಿನ್ನಲ್ಲಿ ಇನ್, ಇಂಗ್ಲಿಷಲ್ಲಿ ಅನ್. ಅಜಕ್ಕೆ ಲಿಥುವೇನಿಯನ್ನಲ್ಲಿರೋ ಜೋಡಿ ಪದ ಓಝೀಸ್, ಅರ್ಥ ಹೋತ, ಅದ್ರಲ್ಲಿ ನ್ ಸುಳಿವೇ ಇಲ್ಲ. ಅಂದ್ರೆ ಮೇಕೆಯ ಅಜ ಬೇರೆ, ಹುಟ್ಟದೋನು ಅನ್ನೋ ಅಜ ಬೇರೆ. ಹಂಗಂತ ಹಳಬರು ಎರಡನ್ನೂ ಬೆರೆಸಿ ಆಟ ಆಡಿದ್ದನ್ನ ಮರೀಬಾರ್ದು, ಶ್ವೇತಾಶ್ವತರ ಉಪನಿಷತ್ತಿನಲ್ಲಿ ಕೆಂಪು, ಬಿಳಿ, ಕಪ್ಪು ಬಣ್ಣದ ಒಬ್ಬ "ಅಜಾ" ಬರ್ತಾಳೆ, ಅವಳು ಮೇಕೆಯೂ ಹೌದು, ಹುಟ್ಟಿಲ್ಲದ ಪ್ರಕೃತಿಯೂ ಹೌದು.

ಎಲ್ಲಾ ವಿಚಿತ್ರ ಕಥೇನೂ ಸುಳ್ಳಲ್ಲ ಮತ್ತೆ. ಟ್ರಾಜಿಡಿ ಅನ್ನೋ ಪದ ಬಿಡಿಸಿದ್ರೆ ಗ್ರೀಕಲ್ಲಿ ಟ್ರಾಗೋಸ್, ಅಂದ್ರೆ ಹೋತ, ಅದರ ಜೊತೆ ಹಾಡು. ಹೋತದ ಹಾಡು! ಅದು ನಿಜ.

ಹೆಜ್ಜೆ 7: ಈಗ ನಿಮ್ಮ ಮೊದಲ ಊಹೇನ ತಂದು ಕಟಕಟೇಲಿ ನಿಲ್ಸಿ

ಉದು ಮತ್ತು ಆಡು. ಹಳೇ ರೂಪ ಯಾಡು, ಅಂದ್ರೆ ಮುಂದೆ ಒಂದು ಯ ಇದೆ, ಸುಮೇರಿಯನ್ನಲ್ಲಿ ಅದಕ್ಕೆ ಜೋಡಿ ಏನೂ ಇಲ್ಲ. ನಮ್ಮದು ಡ, ಅವ್ರದ್ದು ದ, ಇಂಗ್ಲಿಷ್ ಅಕ್ಷರದಲ್ಲಿ ಯು ಡಿ ಯು ಅಂತ ಬರೆದಿದ್ರಿಂದ ನಾನು ಉಡು ಅಂತ ಓದ್ಕೊಂಡಿದ್ದೆ. ಸರಿ, ಧ್ವನಿ ಬದಲಾಗಿದೆ ಅಂತಾನೇ ಇಟ್ಕೊಳೋಣ, ಅದೇ ಬದಲಾವಣೆ ಬೇರೆ ಪದಗಳಲ್ಲಿ ತೋರ್ಸಿ? ಆನೆ, ಆಱು ಯಾವ್ದಕ್ಕೂ ಜೋಡಿ ಇಲ್ಲ. ಸಿಲ, ಮಾಶ್, ಉಜ್ ಇವಕ್ಕೆ ನಮ್ಮ ಮಂದೇಲಿ ನೆಂಟರಿಲ್ಲ. ಎಣಿಕೆ ನೋಡಿ, ಎರಡಕ್ಕೆ ಮಿನ್, ಮೂರಕ್ಕೆ ಎಶ್, ನಾಲ್ಕಕ್ಕೆ ಲಿಮ್ಮು, ಐದಕ್ಕೆ ಇಯಾ. "ಇಯಾ, ಐದು, ನೋಡಿ ನೋಡಿ!" ಅಂತ ಕೈ ತುರಿಸ್ತಿದ್ಯಾ? ನಂಗೂ ತುರಿಸ್ತು. ಪದಗಳು ಚಿಕ್ಕದಾದಷ್ಟೂ ಹಿಂಗೆ ಸುಮ್ಸುಮ್ನೆ ಹೊಂದೋದು ಜಾಸ್ತಿ, ಎರಡು ಅಕ್ಷರದ ಪದ ಯಾವ ಎರಡು ಭಾಷೇಲಾದ್ರೂ ಒಂದೆರಡು ಸಿಕ್ಕೇ ಸಿಗ್ತವೆ. ನೋಟ್‌ಬುಕ್ಕಲ್ಲಿ ಆ ಸಾಲಿನ ಮೇಲೆ ಗೀಟು ಹೊಡೆದೆ. ಗ್ರೂಪಲ್ಲಿ ತಪ್ಪೊಪ್ಕೊಂಡು ಒಂದು ಮೆಸೇಜೂ ಹಾಕ್ದೆ, ಅದಕ್ಕೆ ಯಾರೂ ಕೈಮುಗಿಯೋ ಚಿತ್ರ ಕಳಿಸ್ಲಿಲ್ಲ, ಮಾವ ಒಬ್ರು ಥಂಬ್ಸ್ ಅಪ್ ಕೊಟ್ರು.

ಕೊನೇದಾಗಿ ನೀವೇ ಬಿಡಿಸೋಕೆ ಒಂದು ಪದ. ಮೊದಲ್ನೇ ಹೆಜ್ಜೇಲಿ ತಮಿಳಿನ ಸೆಮ್ಮಱಿ ಅಂದ್ನಲ್ಲ, ಕುರಿ ಅಂತ. ಮಱಿ ಏನು ಅಂತ ಹಳಗನ್ನಡದ ಱ ನೋಡಿದ್ರೆ ಗೊತ್ತಾಗುತ್ತೆ. ಉಳಿದಿದ್ದು ಸೆಂ. ಸುಳಿವು ಬೇಕಾದ್ರೆ, ನಮ್ಮ ಕಿವಿಗೆ ತಮಿಳಲ್ಲಿ ಸೆವಿ ಅಂತಾರೆ. ಆಮೇಲೆ ಒಂದ್ಸಲ ರಾಯಚೂರು, ಕೊಪ್ಪಳ ಕಡೆ ಹೋದಾಗ ಅಲ್ಲಿನ ಕಂದುಗೆಂಪು ಬಣ್ಣದ ಕುರಿ ತಳಿ ಹೆಸರೇನು ಅಂತ ಕೇಳಿ, ಕೆಂಗುರಿ ಅಂತಾರೆ.